ಹಮಾಸ್ ಗೆದ್ದಮೇಲೂ ಅಬ್ಬಾಸ್ ಹೇಗೆ ಅಧ್ಯಕ್ಷ?
2006ರ ಪ್ಯಾಲೆಸ್ತೀನ್ ಚುನಾವಣೆಯಲ್ಲಿ ಹಮಾಸ್ ಗೆದ್ದಿದ್ದರೂ ಮಹಮೂದ್ ಅಬ್ಬಾಸ್ ಅಲ್ಲಿನ ಅಧ್ಯಕ್ಷರಾಗಿ ಉಳಿದಿದ್ದು ಹೇಗೆ ಅಂತ ಕೇಳಿದ್ದೀರಿ. ಅವು ಎರಡು ಬೇರೆ ಚುನಾವಣೆಗಳು. ಅಬ್ಬಾಸ್ ಗೆದ್ದಿದ್ದು ಅಧ್ಯಕ್ಷ ಚುನಾವಣೆ, 2005ರ ಜನವರಿಯಲ್ಲಿ, ನಾಲ್ಕು ವರ್ಷಕ್ಕೆ. ಹಮಾಸ್ ಗೆದ್ದಿದ್ದು ಸಂಸತ್ತನ್ನು: 132ರಲ್ಲಿ 74 ಸ್ಥಾನ. ಅದೂ ಮತಗಳಲ್ಲಿ ಭಾರೀ ಅಂತರವೇನಲ್ಲ. ಪಕ್ಷದ ಪಟ್ಟಿಗೆ ಬಿದ್ದ ಮತದಲ್ಲಿ ಹಮಾಸ್‌ಗೆ 29, ಅಬ್ಬಾಸರ ಪಕ್ಷ ಫತಾಗೆ 28 ಸ್ಥಾನ. ಜಿಲ್ಲಾ ಕ್ಷೇತ್ರಗಳಲ್ಲಿ ಮಾತ್ರ ಫತಾದವರೇ ಒಬ್ಬರ ಮತ ಇನ್ನೊಬ್ಬರು ತಿಂದು ಸೋತರು. ನಮಗೆ ಗೊತ್ತಿರೋ ಕಥೆಯೇ, ಅಲ್ವಾ?

2007ರಲ್ಲಿ ಗಾಜಾ ಹಮಾಸ್ ಕೈಗೆ ಹೋಯಿತು. ಆಮೇಲೆ ಎರಡೂ ಚುನಾವಣೆ ಮತ್ತೆ ನಡೆಯಲೇ ಇಲ್ಲ. 2021ರ ಮೇ 22ಕ್ಕೆ ಸಂಸತ್ ಚುನಾವಣೆ ನಿಗದಿಯಾಗಿತ್ತು. ಪೂರ್ವ ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪುತ್ತಿಲ್ಲ ಅಂತ ಅಬ್ಬಾಸ್ ಮುಂದೂಡಿದರು. ಕಾರಣ ಸುಳ್ಳಲ್ಲ. ಆದರೆ ಫತಾ ಆಗಲೇ ಮೂರು ಹೋಳಾಗಿತ್ತು ಅನ್ನೋದನ್ನೂ ಮರೆಯಬೇಡಿ.