ಐಸ್ ಹಾಕಿ: ಸಣ್ಣ ದೇಶಗಳ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ

ಪ್ರಶ್ನೆ: ಲಾಟ್ವಿಯಾದಂಥ ಪುಟ್ಟ ದೇಶ 2023ರಲ್ಲಿ ಅಮೆರಿಕವನ್ನು ಸೋಲಿಸಿ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದಿತಂತೆ. ಅದು ಅದೃಷ್ಟವೋ, ಸಣ್ಣ ದೇಶಗಳು ನಿಜವಾಗಿಯೂ ಬಲಾಢ್ಯರ ಸಾಲಿಗೆ ಬರಬಹುದೋ? ಐದೂವರೆ ಲಕ್ಷ ಜನರಿರುವ ನಮ್ಮ ಕೊಡಗು ಭಾರತದ ಹಾಕಿಗೆ ಅಷ್ಟೊಂದು ಆಟಗಾರರನ್ನು ಕೊಟ್ಟಿದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ.
(ವಿರಾಜಪೇಟೆಯ ಓದುಗರು)

ಉತ್ತರ: ಬರಬಹುದು. ಆದರೆ ಒಂದು ಪಂದ್ಯ ಗೆಲ್ಲುವುದು, ಒಂದು ಪದಕ ಗೆಲ್ಲುವುದು, ವರ್ಷವರ್ಷವೂ ಕೊನೆಯ ನಾಲ್ಕರಲ್ಲಿ ಉಳಿಯುವುದು, ಈ ಮೂರಕ್ಕೂ ಬೇಕಾದ ಬಂಡವಾಳ ಬೇರೆ ಬೇರೆ.

ಒಂದು ಪಂದ್ಯಕ್ಕೆ ಒಬ್ಬ ಗೋಲ್‌ಕೀಪರ್ ಸಾಕಾಗಬಹುದು. ಎದುರಾಳಿ 40 ಸಲ ಗುರಿಯಿಟ್ಟು ಹೊಡೆದರು ಎಂದುಕೊಳ್ಳಿ. ನೂರಕ್ಕೆ 90 ತಡೆಯುವ ಕೀಪರ್ ನಾಲ್ಕು ಗೋಲು ಬಿಡುತ್ತಾನೆ, 95 ತಡೆಯುವವನು ಎರಡೇ. ಎರಡು ಗೋಲಿನ ಈ ಅಂತರವನ್ನು ಮುಂಪಡೆಯಿಂದ ತುಂಬಿಸುವುದು ಬಡ ತಂಡಕ್ಕೆ ತೀರಾ ಕಷ್ಟ, ಗೋಲಿನ ಮುಂದೆ ತುಂಬಿಸುವುದು ಅಷ್ಟು ಕಷ್ಟವಲ್ಲ. 2025ರ ಮೇ ತಿಂಗಳಲ್ಲಿ ತನ್ನದೇ ಊರಾದ ಹರ್ನಿಂಗ್‌ನಲ್ಲಿ ಡೆನ್ಮಾರ್ಕ್ ವಿಶ್ವ ಚಾಂಪಿಯನ್‌ಷಿಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಕೆನಡಾವನ್ನು 2-1ರಿಂದ ಕೆಡವಿತು. ಸಿಡ್ನಿ ಕ್ರಾಸ್ಬಿ, ನೇಥನ್ ಮೆಕಿನನ್‌ರಂಥ ಜಗತ್ಪ್ರಸಿದ್ಧ ಆಟಗಾರರಿದ್ದ ಕೆನಡಾ ಅದು. ಮುಂದಿನದನ್ನೂ ನೋಡಬೇಕು: ಸೆಮಿಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ಎದುರು 0-7, ಕಂಚಿನ ಪಂದ್ಯದಲ್ಲಿ ಸ್ವೀಡನ್ ಎದುರು 2-6. ಪದಕ ಬೇಕೆಂದರೆ ಸುಮಾರು 16 ದಿನಗಳಲ್ಲಿ 10 ಪಂದ್ಯ ಆಡಬೇಕು. ಅಲ್ಲಿ ಗೋಲ್‌ಕೀಪರ್ ಒಬ್ಬನಿಂದ ಆಗುವುದಿಲ್ಲ.

ಕಾರಣ ಆಟದ ರಚನೆಯಲ್ಲೇ ಇದೆ. ಐಸ್ ಹಾಕಿಯಲ್ಲಿ ಆಟಗಾರ ಒಮ್ಮೆಗೆ 40-50 ಸೆಕೆಂಡು ಮಾತ್ರ ಪೂರ್ತಿ ವೇಗದಲ್ಲಿ ಆಡಿ ಬೆಂಚಿಗೆ ಬರುತ್ತಾನೆ. ಇದಕ್ಕೆ ಶಿಫ್ಟ್ ಎನ್ನುತ್ತಾರೆ. ಮೂವರು ಮುಂಪಡೆಯವರ ನಾಲ್ಕು ಸಾಲು ಇದ್ದರೆ ಪ್ರತಿಯೊಬ್ಬನಿಗೂ ಆಡಿದ್ದರ ಮೂರರಷ್ಟು ಹೊತ್ತು ಬಿಡುವು. ನಂಬಬಹುದಾದ ಸಾಲು ಎರಡೇ ಇದ್ದರೆ ಆಡಿದಷ್ಟೇ ಬಿಡುವು. ಮೊದಲ ಎರಡು ಪಂದ್ಯದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಆರನೆಯ ಪಂದ್ಯದ ಮೂರನೆಯ ಅವಧಿಯಲ್ಲಿ ಕಾಲು ಹಿಂದುಳಿಯುತ್ತದೆ, ಕಾಲು ತಲುಪದ ಕಡೆ ಸ್ಟಿಕ್ ಚಾಚಿ ಎದುರಾಳಿಯನ್ನು ಎಡವಿಸುತ್ತಾನೆ, ಎರಡು ನಿಮಿಷ ಹೊರಗೆ ಕೂರುತ್ತಾನೆ. ನಾಲ್ವರ ಎದುರು ಐವರ ಪವರ್ ಪ್ಲೇನಲ್ಲಿ ಗೋಲು ಬೀಳುತ್ತದೆ. ಸಣ್ಣ ತಂಡಗಳು ಹೆಚ್ಚಾಗಿ ಸೋಲುವುದು ಹೀಗೆ.

ಲಾಟ್ವಿಯಾದ ಕಂಚು ಅದೃಷ್ಟವಲ್ಲ, ಆದರೆ ಶೂನ್ಯದಿಂದ ಎದ್ದದ್ದೂ ಅಲ್ಲ. ಸುಮಾರು 19 ಲಕ್ಷ ಜನರ ಆ ದೇಶದ ರಾಜಧಾನಿಯಲ್ಲಿ ಸೋವಿಯತ್ ಕಾಲದಲ್ಲೇ ಡೈನಮೊ ರೀಗಾ ಎಂಬ ಗಟ್ಟಿ ತಂಡವಿತ್ತು. ಮುಂದೆ ಸೋವಿಯತ್ ತಂಡದ ಹೆಸರಾಂತ ಕೋಚ್ ಆದ ವಿಕ್ಟರ್ ತಿಖೊನೊವ್ ಮಾಸ್ಕೋಗೆ ಹೋಗುವ ಮೊದಲು ತರಬೇತಿ ಕೊಟ್ಟದ್ದು ಅಲ್ಲೇ. ಸ್ವತಂತ್ರವಾದ ಮೇಲೆ 1993ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೂರನೆಯ ದರ್ಜೆಯಿಂದ ಹತ್ತಲು ಶುರುಮಾಡಿ 1997ರಲ್ಲಿ ಮೇಲಿನ ದರ್ಜೆ ಸೇರಿತು. ಅಲ್ಲಿಂದ ಕಂಚಿಗೆ ಇನ್ನೂ 26 ವರ್ಷ. 2023ರಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವನು ಅವರ ಗೋಲ್‌ಕೀಪರ್ ಆರ್ತುರ್ಸ್ ಶಿಲೋವ್ಸ್. ಸ್ಲೊವಾಕಿಯಾ 1994ರಲ್ಲಿ ಅದೇ ಕೆಳದರ್ಜೆಯಿಂದ ಹೊರಟು 2002ರಲ್ಲಿ ವಿಶ್ವ ಚಾಂಪಿಯನ್ ಆಯಿತು. ಅದಕ್ಕೂ ಚೆಕೊಸ್ಲೊವಾಕಿಯಾದ ಕಾಲದ ರಿಂಕ್‌ಗಳು (ಐಸ್ ಹಾಸಿದ ಆಟದ ಅಂಗಳಗಳು), ತರಬೇತುದಾರರು ಪಿತ್ರಾರ್ಜಿತವಾಗಿ ಬಂದಿದ್ದವು.

ಅಂಥ ಪಿತ್ರಾರ್ಜಿತ ಇಲ್ಲದವರು ನೋಡಬೇಕಾದ್ದು ಡೆನ್ಮಾರ್ಕನ್ನು. ಅವರ ಒಳ್ಳೆಯ ಹುಡುಗರು ಹದಿಹರೆಯದಲ್ಲೇ ಸೇತುವೆ ದಾಟಿದರೆ ಸಿಗುವ ಸ್ವೀಡನ್ನಿನ ಕ್ಲಬ್ಬುಗಳಿಗೆ ಹೋಗಿ ಬೆಳೆದರು. 2003ರಿಂದ ಡೆನ್ಮಾರ್ಕ್ ಮೇಲಿನ ದರ್ಜೆಯಲ್ಲೇ ಇದೆ. ಸ್ಲೊವೇನಿಯಾದ ಆಂಜೆ ಕೊಪಿತಾರ್ ಕೂಡ ಯೆಸೆನಿಸೆ ಎಂಬ ಉಕ್ಕಿನ ಊರಿನಿಂದ ಚಿಕ್ಕ ವಯಸ್ಸಿನಲ್ಲೇ ಸ್ವೀಡನ್ನಿಗೆ ಹೋದವನು. ಆತನಿದ್ದ ತಂಡ 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್ ಮುಟ್ಟಿತು. ಆದರೂ ಸ್ಲೊವೇನಿಯಾ ಮೇಲಿನ ದರ್ಜೆಗೂ ಅದರ ಕೆಳಗಿನದಕ್ಕೂ ನಡುವೆ ಹತ್ತುತ್ತ ಇಳಿಯುತ್ತ ಬಂದಿದೆ. ಒಬ್ಬ ಮಹಾ ಆಟಗಾರ ಒಂದು ಸಾಲನ್ನು ಎತ್ತಬಲ್ಲ, ನಾಲ್ಕು ಸಾಲನ್ನಲ್ಲ.

ಇನ್ನು ಜನಸಂಖ್ಯೆಯ ಮಾತು. ಐಸ್‌ಲ್ಯಾಂಡ್‌ನಲ್ಲಿ ಕೊಡಗಿಗಿಂತ ಕಡಿಮೆ ಜನ, ಆದರೂ ಅದಕ್ಕೆ ರಾಷ್ಟ್ರೀಯ ತಂಡವಿದೆ. ಫಿನ್ಲೆಂಡ್‌ನಲ್ಲಿ 55 ಲಕ್ಷ ಜನ, ನಾಲ್ಕು ವಿಶ್ವ ಪ್ರಶಸ್ತಿ (1995, 2011, 2019, 2022), ಜೊತೆಗೆ 2022ರ ಒಲಿಂಪಿಕ್ ಚಿನ್ನ. ತಲೆ ಎಣಿಸಿದರೆ ಇದು ಅರ್ಥವಾಗದು. ಎಣಿಸಬೇಕಾದ್ದು ಐಸ್ ಸಿಗುವ ಗಂಟೆಗಳನ್ನು.

ಒಂದು ರಿಂಕ್‌ನ ಲೆಕ್ಕ ಹಾಕೋಣ. ಒಂದು ಸರದಿಗೆ ಒಂದು ಗಂಟೆ ಆಟ, ಐಸ್ ಹದಮಾಡಲು 15 ನಿಮಿಷ. ಶಾಲೆಯ ದಿನ ಬೆಳಿಗ್ಗೆ ಎರಡು, ಸಂಜೆಯಿಂದ ರಾತ್ರಿಯವರೆಗೆ ಐದು ಸರದಿ. ಶನಿವಾರ, ಭಾನುವಾರ ಹನ್ನೆರಡು ಹನ್ನೆರಡು. ವಾರಕ್ಕೆ 59. ಪಂದ್ಯಗಳಿಗೆ ಕಾಲುಭಾಗ ಹೋದರೆ 44 ಉಳಿಯಿತು. ಸರದಿಗೆ 20 ಮಕ್ಕಳು, ಪ್ರತಿ ಮಗುವಿಗೆ ವಾರಕ್ಕೆ ನಾಲ್ಕು ಸರದಿ ಎಂದರೆ ಆ ರಿಂಕ್ ಸಾಕುವುದು 220 ಮಕ್ಕಳನ್ನು. ಏಳರಿಂದ ಹದಿನೆಂಟು ವಯಸ್ಸಿನವರೆಗೆ ಹಂಚಿದರೆ ಒಂದೊಂದು ವಯಸ್ಸಿಗೆ ಸುಮಾರು 18 ಜನ. ವಿಶ್ವ ಚಾಂಪಿಯನ್‌ಷಿಪ್‌ನ ತಂಡದಲ್ಲೇ 25 ಜನ ಇರುತ್ತಾರೆ! ಹತ್ತು ರಿಂಕ್ ಇದ್ದರೆ ವಯಸ್ಸಿಗೆ 180 ಮಕ್ಕಳು, ಆಗ ಆರಿಸುವ ಮಾತಿಗೆ ಅರ್ಥ ಬರುತ್ತದೆ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಸಲ ಕೃತಕ ಟರ್ಫ್ ಮೇಲೆ ನಡೆದಾಗ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ ಕಲಿತ ಕೈಚಳಕ ಒಂದೇ ದಿನದಲ್ಲಿ ಮಾಯವಾಗಿರಲಿಲ್ಲ, ಟರ್ಫ್ ಮೇಲೆ ಓಡಿ ಅಭ್ಯಾಸವಿರಲಿಲ್ಲ. ಇನ್ನೊಂದು ಮಾತು: 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿಗೆ ಆಗ 60 ಒಕ್ಕಗಳು (ಕೊಡವ ಮನೆತನಗಳು) ಬಂದಿದ್ದವು, ಅದೇ ಕೂಟದ 2025ರ ಮುದ್ದಂಡ ಕಪ್‌ಗೆ 396. ಸಣ್ಣ ಜಾಗವೊಂದು ಆಟಗಾರರ ರಾಶಿಯನ್ನು ಬೆಳೆಸುವ ಬಗೆ ಇದೇ: ಮನೆಮನೆಯೂ ಆಡಬೇಕು, ಆಡಲು ಅಂಗಳವೂ ಬೇಕು. ಐಸ್ ಹಾಕಿಯಲ್ಲಿ ಆ ಅಂಗಳ ತುಂಬ ದುಬಾರಿ.

ಪ್ರಶ್ನೆ: ಹೊರಗಿನ ಆಟಗಾರರಿಗೆ ಪೌರತ್ವ ಕೊಟ್ಟು ತಂಡ ಕಟ್ಟಿದರೆ ಬೇಗ ಆಗುವುದಿಲ್ಲವೇ?
(ಕುಶಾಲನಗರದ ಓದುಗರು)

ಉತ್ತರ: ಬೇಗ ಏರಬಹುದು, ನಿಲ್ಲುವುದು ಕಷ್ಟ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗಾಗಿ ದಕ್ಷಿಣ ಕೊರಿಯಾ ಕೆನಡಾ ಮೂಲದ ಹಲವರಿಗೆ ಪೌರತ್ವ ಕೊಟ್ಟಿತು, ಗೋಲ್‌ಕೀಪರ್ ಮ್ಯಾಟ್ ಡಾಲ್ಟನ್ ಅವರಲ್ಲೊಬ್ಬ. 2017ರಲ್ಲಿ ತಂಡ ಮೇಲಿನ ದರ್ಜೆಗೆ ಏರಿದ್ದೂ ನಿಜ. ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಳಕ್ಕೆ ಏಳೂ ಸೋತು ಕೆಳಗಿಳಿಯಿತು. ಅಲ್ಲದೆ ಪಾಸ್‌ಪೋರ್ಟ್ ಕೊಟ್ಟ ಮರುದಿನವೇ ಆಡಿಸುವಂತಿಲ್ಲ. ಹೊಸ ದೇಶದ ಲೀಗ್‌ನಲ್ಲಿ ಆತ ಮೊದಲು ಕೆಲವು ಸೀಸನ್ ಆಡಿರಬೇಕು, ಹಿಂದೆ ಬೇರೆ ದೇಶದ ಪರ ಆಡಿದವನಾದರೆ ಕಾಯುವ ಅವಧಿ ಇನ್ನೂ ಉದ್ದ. ಆಮದು ಮಾಡಲೇಬೇಕೆಂದರೆ ಗೋಲ್‌ಕೀಪರ್‌ಗಳ ತರಬೇತುದಾರರನ್ನು ಕರೆತನ್ನಿ. ಒಬ್ಬರು ಹತ್ತು ವರ್ಷದಲ್ಲಿ ಬೆಳೆಸುವ ಕೀಪರ್‌ಗಳು ದೇಶದಲ್ಲೇ ಉಳಿಯುತ್ತಾರೆ.

ಪ್ರಶ್ನೆ: ಮಡಿಕೇರಿಯ ಚಳಿಯಲ್ಲಿ ಐಸ್ ರಿಂಕ್ ಕಟ್ಟುವುದು ಸುಲಭವಲ್ಲವೇ?
(ಮಡಿಕೇರಿಯ ಓದುಗರು)

ಉತ್ತರ: ಮಡಿಕೇರಿಯ ಚಳಿ ಈ ಕೆಲಸಕ್ಕೆ ಹೆಚ್ಚು ಸಹಾಯ ಮಾಡುವುದಿಲ್ಲ, ಮಡಿಕೇರಿಯ ಮಳೆಗಾಲ ತುಂಬ ತೊಂದರೆ ಕೊಡುತ್ತದೆ. ಐಸ್‌ಗೆ ಬೇಕಾದ್ದು ಮೈನಸ್ 5 ಡಿಗ್ರಿ ಆಸುಪಾಸು. ಮೈನಸ್ 3ಕ್ಕೆ ಬಂದರೆ ಮೆತ್ತಗಾಗಿ ಸ್ಕೇಟ್ ಕಚ್ಚುತ್ತದೆ, ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಜಾರದೆ ಪುಟಿಯುತ್ತದೆ. ತೀರಾ ತಣ್ಣಗಾದರೆ ಐಸ್ ಗಡುಸಾಗಿ ಚಕ್ಕೆ ಏಳುತ್ತದೆ.

ಪೂರ್ಣ ಅಳತೆಯ ರಿಂಕ್ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. 30 ಮೀಟರ್ ಅಗಲಕ್ಕೆ 3 ಸೆಂ.ಮೀ. ದಪ್ಪದ ಐಸ್ ಎಂದರೆ ಸುಮಾರು 50,000 ಲೀಟರ್ ನೀರು. ಅಡಿಯಲ್ಲಿ ಶಾಖನಿರೋಧಕ ಹಾಸು, ಅದರ ಮೇಲೆ ಕೊಳವೆಗಳನ್ನು ಹುದುಗಿಸಿದ ಕಾಂಕ್ರೀಟ್ ಹಾಸು, ಕೊಳವೆಗಳಲ್ಲಿ ಐಸ್‌ಗಿಂತ ಇನ್ನೂ ತಣ್ಣಗಿರುವ ಉಪ್ಪುದ್ರಾವಣ ಅಥವಾ ಗ್ಲೈಕಾಲ್ ಹರಿಯುತ್ತಿರಬೇಕು. ನಿರೋಧಕ ಹಾಸಿನ ಕೆಳಗೂ ಬೆಚ್ಚಗಿನ ಕೊಳವೆಗಳ ಒಂದು ಪದರ ಬೇಕು. ಇದನ್ನು ಉಳಿತಾಯವೆಂದು ಬಿಟ್ಟರೆ ನಮ್ಮ ಒದ್ದೆ ಮಣ್ಣಿನಲ್ಲಿರುವ ನೀರು ವರ್ಷಗಳಲ್ಲಿ ಹೆಪ್ಪುಗಟ್ಟಿ ಉಬ್ಬಿ ಕಾಂಕ್ರೀಟನ್ನೇ ಎತ್ತಿ ಸೀಳುತ್ತದೆ. ನೀರನ್ನು ಒಮ್ಮೆಗೇ ಸುರಿಯಬಾರದು, ಒಂದೆರಡು ಮಿ.ಮೀ. ಪದರಗಳಾಗಿ ಸಿಂಪಡಿಸಿ ಒಂದೊಂದೂ ಗಟ್ಟಿಯಾಗುವವರೆಗೆ ಕಾಯಬೇಕು. ಹದಮಾಡುವ ಯಂತ್ರ ಮೇಲ್ಪದರವನ್ನು ತೆಳ್ಳಗೆ ಕೆರೆದು ಸುಮಾರು 60 ಡಿಗ್ರಿಯ ಬಿಸಿನೀರು ಹಚ್ಚುತ್ತದೆ. ಬಿಸಿನೀರೇ ಏಕೆಂದರೆ ಅದು ಗೀರುಗಳ ಅಂಚನ್ನು ಕರಗಿಸಿ ಹಳೆಯ ಐಸ್ ಜೊತೆ ಬೆಸೆಯುತ್ತದೆ, ಅದರಲ್ಲಿ ಗಾಳಿಯ ಗುಳ್ಳೆಯೂ ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವವೇ ಇಲ್ಲಿನ ನಿಜವಾದ ಶತ್ರು. ತೇವ ತೆಗೆಯುವ ಯಂತ್ರ ಸಾಲದಿದ್ದರೆ ಒಳಗೆ ಮಂಜು ಕವಿಯುತ್ತದೆ, ಚಾವಣಿಯಿಂದ ಹನಿ ತೊಟ್ಟಿಕ್ಕಿ ಐಸ್ ಮೇಲೆ ಗುಬ್ಬಟೆ ಏಳುತ್ತವೆ, ಕಬ್ಬಿಣದ ತೊಲೆಗೆ ತುಕ್ಕು ಹಿಡಿಯುತ್ತದೆ. ಮರ ಬಿದ್ದು ಕರೆಂಟು ಹೋಗುವ ಊರು ನಮ್ಮದು, ಕಂಪ್ರೆಸರನ್ನೂ ಪಂಪನ್ನೂ ಎಳೆಯಬಲ್ಲ ಜನರೇಟರ್ ಲೆಕ್ಕದಲ್ಲಿರಬೇಕು. ಆಸೆಯಿದ್ದವರು 20×30 ಮೀಟರಿನ ಮೂರನೇ ಒಂದು ಭಾಗದ ರಿಂಕ್‌ನಿಂದ ಶುರುಮಾಡುವುದು ವಿವೇಕ. ಪೂರ್ಣ ರಿಂಕ್ ಇರುವ ದೇಶಗಳಲ್ಲೂ ರಿಂಕನ್ನು ಅಡ್ಡಡ್ಡವಾಗಿ ಭಾಗ ಮಾಡಿಯೇ ಚಿಕ್ಕ ಮಕ್ಕಳನ್ನು ಆಡಿಸುತ್ತಾರೆ, ಅಲ್ಲಿ ಪ್ರತಿ ಮಗುವಿನ ಸ್ಟಿಕ್‌ಗೂ ಹೆಚ್ಚು ಸಲ ಪಕ್ ಸಿಗುತ್ತದೆ.

ಪ್ರಶ್ನೆ: ಭಾರತದ ಸ್ಥಿತಿ ಏನು?
(ಸೋಮವಾರಪೇಟೆಯ ಓದುಗರು)

ಉತ್ತರ: 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಮಹಿಳೆಯರು ಕಂಚು ಗೆದ್ದರು, ತಂಡದಲ್ಲಿ ಬಹುತೇಕ ಲಡಾಖಿನವರು. ಹೆಮ್ಮೆಪಡಬೇಕಾದ ಸಾಧನೆ. ಲಡಾಖ್‌ನ ನೈಸರ್ಗಿಕ ಐಸ್ ಡಿಸೆಂಬರ್ ಕೊನೆಯಿಂದ ಸುಮಾರು ಎರಡು ತಿಂಗಳು ಮಾತ್ರ ಇರುತ್ತದೆ. ಆ ಎರಡು ತಿಂಗಳು ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೂ 90 ಗಂಟೆ. ವರ್ಷಕ್ಕೆ 42 ವಾರ, ವಾರಕ್ಕೆ ನಾಲ್ಕು ಗಂಟೆ ಐಸ್ ಸಿಗುವ ಮಗುವಿಗೆ 168 ಗಂಟೆ. ಹತ್ತು ವರ್ಷದಲ್ಲಿ ಈ ಅಂತರ 780 ಗಂಟೆ. ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನ ಏಣಿಯಲ್ಲಿ ಡಿವಿಷನ್ 4, 3ಬಿ, 3ಎ, 2ಬಿ, 2ಎ, 1ಬಿ, 1ಎ, ಕೊನೆಗೆ 16 ತಂಡಗಳ ಮೇಲಿನ ದರ್ಜೆ. ವರ್ಷಕ್ಕೆ ಒಂದೇ ಮೆಟ್ಟಿಲು. ಒಮ್ಮೆಯೂ ಎಡವದೆ ಹತ್ತಿದರೂ ಏಳು ವರ್ಷ ಬೇಕು. ಹಾಗಾಗಿ ಈಗ ಮಾಡಬೇಕಾದ್ದು ವರ್ಷವಿಡೀ ಓಡುವ ರಿಂಕ್‌ಗಳು. 2011ರಲ್ಲಿ ಡೆಹ್ರಾಡೂನ್‌ನಲ್ಲಿ ಕಟ್ಟಿದ ಒಳಾಂಗಣ ರಿಂಕ್ ಅನೇಕ ವರ್ಷ ಮುಚ್ಚಿ ಬಿದ್ದಿದ್ದು ಒಂದು ಪೀಳಿಗೆಗೆ ಆದ ನಷ್ಟ. ಕಟ್ಟುವ ಹಣಕ್ಕಿಂತ ನಡೆಸುವ ಹಣವನ್ನು ಮೊದಲು ಗೊತ್ತುಮಾಡಬೇಕು.

ಪ್ರಶ್ನೆ: ನನ್ನ 14 ವರ್ಷದ ಮಗಳು ಪೊನ್ನಂಪೇಟೆಯ ಟರ್ಫ್‌ನಲ್ಲಿ ಹಾಕಿ ಆಡುತ್ತಾಳೆ. ಐಸ್ ಹಾಕಿ ಕಲಿಯಬೇಕೆಂಬ ಆಸೆ. ಎಲ್ಲಿಂದ ಶುರು?
(ಗೋಣಿಕೊಪ್ಪದ ಓದುಗರು)

ಉತ್ತರ: ಅವಳಿಗೆ ಒಂದು ಅನುಕೂಲ ಈಗಾಗಲೇ ಇದೆ. ನಮ್ಮ ಹಾಕಿಯಲ್ಲಿ ಎಲ್ಲರದ್ದೂ ಎಡಗೈ ಮೇಲೆ, ಬಲಗೈ ಕೆಳಗೆ. ಐಸ್ ಹಾಕಿಯಲ್ಲಿ ಹೀಗೆ ಹಿಡಿಯುವವರನ್ನು ರೈಟ್ ಶಾಟ್ ಎನ್ನುತ್ತಾರೆ, ಅವರು ಕಡಿಮೆ, ಬಲಬದಿಯ ಡಿಫೆಂಡರ್ ಸ್ಥಾನಕ್ಕೆ ಬೇಡಿಕೆಯೂ ಹೆಚ್ಚು. ಸ್ಟಿಕ್ ಕೊಳ್ಳುವಾಗ ಬಲಗೈಯ ಬ್ಲೇಡನ್ನೇ ಕೇಳಿ. ಬರಿಗಾಲಲ್ಲಿ ನಿಂತಾಗ ಮೂಗಿನವರೆಗೆ, ಸ್ಕೇಟ್ ತೊಟ್ಟಾಗ ಗಲ್ಲದವರೆಗೆ ಬಂದರೆ ಉದ್ದ ಸರಿ.

ಮರೆಯಬೇಕಾದ್ದೂ ಇದೆ. ಚೆಂಡು ಎಡಕ್ಕೆ ಬಂದಾಗ ಮಣಿಕಟ್ಟು ತಿರುಗಿಸಿ ರಿವರ್ಸ್ ಹಿಡಿಯುವ ಅಭ್ಯಾಸ ಇಲ್ಲಿ ಬೇಡ, ಬ್ಲೇಡಿನ ಎರಡೂ ಮುಖ ಬಳಸಬಹುದು. ತಿರುಗಿಸಿದರೆ ಬಾಗಿದ ಬ್ಲೇಡಿನ ತುದಿ ಐಸ್‌ಗೆ ಸಿಕ್ಕಿಕೊಳ್ಳುತ್ತದೆ. ಬೆನ್ನು ಬಗ್ಗಿಸಿ ನೆಲ ನೋಡುತ್ತ ಆಡುವುದು ಅಪಾಯ. ಮಂಡಿ ಬಾಗಿರಲಿ, ಎದೆ ಎತ್ತಿರಲಿ, ಕಣ್ಣು ಮುಂದಿರಲಿ. ಮಹಿಳಾ ಆಟದಲ್ಲಿ ಮೈಮೇಲೆ ಎರಗಿ ಗುದ್ದುವುದಕ್ಕೆ ಶಿಕ್ಷೆಯಿದೆ, ಆದರೆ ರಿಂಕ್ ಸುತ್ತಲಿನ ಬೋರ್ಡಿಗೆ ಡಿಕ್ಕಿ ಹೊಡೆಯುವುದು ಆಟದಲ್ಲಿ ಆಗೇ ಆಗುತ್ತದೆ.

ಮನೆಯಲ್ಲಿ 4×8 ಅಡಿಯ ಪ್ಲೈವುಡ್ ಮೇಲೆ ಸನ್ಮೈಕಾ ಅಂಟಿಸಿ. ಅದರ ಮೇಲೆ ದಿನಕ್ಕೆ 15 ನಿಮಿಷ ಪಕ್ ಆಡಿಸಲಿ, ಕಣ್ಣು ಎದುರಿನ ಗೋಡೆಯ ಮೇಲಿರಲಿ. ಬರಿ ಸಿಮೆಂಟಿನ ಮೇಲೆ ಪಕ್ ಜಾರುವುದಿಲ್ಲ, ಅಲ್ಲಿ ಟೆನಿಸ್ ಚೆಂಡು ಬಳಸಿ. ಕಾಲಿಗೆ ಏರುದಾರಿಯಲ್ಲಿ 45 ಸೆಕೆಂಡು ಪೂರ್ತಿ ಓಟ, ಎರಡು ನಿಮಿಷ ಬಿಡುವು, ಹೀಗೆ ಏಳು ಸಲ, ವಾರಕ್ಕೆ ಎರಡು ದಿನ. ಸ್ಕೇಟಿಂಗನ್ನು ಒಂದೇ ಸಾಲಿನ ಚಕ್ರಗಳ ಇನ್‌ಲೈನ್ ಸ್ಕೇಟ್‌ನಲ್ಲಿ ಕಲಿಯಲಿ, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಕಲಿಸುವವರಿದ್ದಾರೆ. ಅದರಲ್ಲಿ ನಿಲ್ಲಲು ಒಂದು ಕಾಲನ್ನು ಹಿಂದೆ ಅಡ್ಡ ಎಳೆಯುತ್ತಾರೆ. ಐಸ್ ಮೇಲೆ ಎರಡೂ ಪಾದ ಅಡ್ಡ ತಿರುಗಿಸಿ ಬ್ಲೇಡಿನ ಅಂಚಿನಿಂದ ಕೆರೆದು ನಿಲ್ಲಬೇಕು. ಅದು ಐಸ್ ಮೇಲೆ ಮಾತ್ರ ಬರುವ ವಿದ್ಯೆ, ಎರಡೂ ಬದಿಗೆ ಕಲಿಯದಿದ್ದರೆ ಆಟದಲ್ಲಿ ಒಂದೇ ಕಡೆ ತಿರುಗುವ ದೋಷ ಉಳಿಯುತ್ತದೆ.

ಜನವರಿಯಲ್ಲಿ ಲೇಹ್‌ಗೆ ಕರೆದೊಯ್ಯುವುದಾದರೆ ಮೊದಲ ಎರಡು ದಿನ ಬರೀ ವಿಶ್ರಾಂತಿ, ಅದು ಸುಮಾರು 3,500 ಮೀಟರ್ ಎತ್ತರ. ಐಸ್ ಸ್ಕೇಟ್ ಸಾಮಾನ್ಯವಾಗಿ ಶೂಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದಿರಬೇಕು, ಬೆರಳ ತುದಿ ಮುಂಭಾಗಕ್ಕೆ ತಾಗಿಯೂ ತಾಗದಂತಿರಲಿ, ಹಿಮ್ಮಡಿ ಅಲುಗಾಡಬಾರದು. ಹರಿತ ಮಾಡಿಸುವಾಗ ಬ್ಲೇಡಿನ ಅಡಿಗೆ, ಹೊಸಬರಿಗೆ ತಕ್ಕ, ಆಳ ಕಡಿಮೆ ಇರುವ, 16 ಮಿ.ಮೀ. ತ್ರಿಜ್ಯದ ತೋಡು ಕೇಳಿ. ಆಳವಾದದ್ದು ಐಸ್ ಕಚ್ಚಿ ಬೀಳಿಸುತ್ತದೆ. ಮುಖ ಪೂರ್ತಿ ಮುಚ್ಚುವ ಜಾಲರಿಯ ಹೆಲ್ಮೆಟ್ ಇಲ್ಲದೆ ಇಳಿಸಬೇಡಿ. ಊರಿಗೆ ಮರಳಿದ ಮೇಲೆ ಬ್ಲೇಡನ್ನು ಒಣಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವಚದಲ್ಲೇ ಬಿಟ್ಟರೆ ನಮ್ಮ ಮಳೆಗಾಲ ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ.