ಹೊರಗಿನಿಂದ ಐಪ್ಯಾಡ್‌ಗೆ ಐಸಿ-705 ಸಿಗದಿದ್ದರೆ

ಐಪ್ಯಾಡ್ ಆ್ಯಪ್‌ನಿಂದ ದೂರದಲ್ಲಿದ್ದೇ ನಡೆಸುವ ನಿಮ್ಮ ಹ್ಯಾಮ್ ರೇಡಿಯೋ ಐಕಾಮ್ ಐಸಿ-705 ಮನೆ ವೈಫೈನಲ್ಲಿ ಐಪ್ಯಾಡ್‌ಗೆ ಸಿಗುತ್ತದೆ, ಮೊಬೈಲ್ ಡೇಟಾದಲ್ಲಿ ಸಿಗುವುದಿಲ್ಲ ಅಂದಿರಿ. ರೇಡಿಯೋ ಬಳಸುವ 50001ರಿಂದ 50003ರವರೆಗಿನ ಯುಡಿಪಿ ಪೋರ್ಟ್ (ಡೇಟಾ ಓಡಾಡುವ ದಾರಿ) ರೌಟರ್‌ನಲ್ಲಿ ನೀವು ತೆರೆದದ್ದೇನೋ ಸರಿ. ಆದರೆ ಮೊದಲು ರೌಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮದು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಒಂದೇ ಹೊರಗಿನ ಐಪಿ ಹಂಚುವ ವ್ಯವಸ್ಥೆ) ಹಿಂದಿರುವ ಲೈನ್. ಆಗ ಹೀಗೆ ಪೋರ್ಟ್ ತೆರೆದು ಒಳಗೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಕೆಲಸವಾಗದು.

ಹಾಗಿದ್ದರೆ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈಗೆ (ಪುಟ್ಟ ಕಂಪ್ಯೂಟರ್) ಟೇಲ್‌ಸ್ಕೇಲ್ (ನಿಮ್ಮದೇ ಖಾಸಗಿ ನೆಟ್‌ವರ್ಕ್ ಕಟ್ಟುವ ವಿಪಿಎನ್ ಸಾಫ್ಟ್‌ವೇರ್) ಹಾಕಿ, ಅದನ್ನು ಸಬ್‌ನೆಟ್ ರೌಟರ್ ಮಾಡಿ, ಅಂದರೆ ಮನೆಯ ಬೇರೆ ಸಾಧನಗಳಿಗೂ ಅದರ ಮೂಲಕ ದಾರಿ ಸಿಗಲಿ. ಐಪ್ಯಾಡ್‌ನಲ್ಲೂ ಟೇಲ್‌ಸ್ಕೇಲ್ ಇರಲಿ. ಆ್ಯಪ್‌ಗೆ ರೇಡಿಯೋದ ಮನೆಯೊಳಗಿನ ಐಪಿಯನ್ನೇ ಕೊಡಿ, ಸಾಕು. ಪೋರ್ಟ್ ಸುಮ್ನೆ ತೆರೆದಿಡುವುದಕ್ಕಿಂತ ಇದು ಜಾಸ್ತಿ ಸುರಕ್ಷಿತ ಕೂಡ.

ಟ್ರಾನ್ಸ್‌ಮಿಟ್ ಮಾಡುವ ಮುಂಚೆ ರೇಡಿಯೋದ ಟೈಮ್-ಔಟ್ ಟೈಮರ್ (ಗೊತ್ತುಮಾಡಿದ ಸಮಯದ ಬಳಿಕ ಟ್ರಾನ್ಸ್‌ಮಿಟ್ ತಾನೇ ನಿಲ್ಲಿಸುವುದು) ಆನ್ ಮಾಡಿ. ಪರದೆಯ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿರುವಾಗಲೇ ನೆಟ್ ಹೋದರೆ ರೇಡಿಯೋ ಟ್ರಾನ್ಸ್‌ಮಿಟ್‌ನಲ್ಲೇ ಕೂತುಬಿಡಬಾರದು, ಅಲ್ವಾ?