ಓದುಗರ ಪ್ರಶ್ನೆ: ಹರಕೆಯ ಹಣ, ತಾಯಿಯ ಔಷಧ

ಪ್ರಶ್ನೆ: ಮಗನ ಕೆಲಸ ಖಾಯಂ ಆದರೆ ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ 50,000 ರೂಪಾಯಿ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ. ಕೆಲಸ ಆಯಿತು. ಆದರೆ ಈಗ ತಾಯಿಗೆ ಡಯಾಲಿಸಿಸ್ ಶುರುವಾಗಿದೆ. ಹರಕೆ ತಪ್ಪಿದರೆ ಕೇಡು ಎನ್ನುತ್ತಾರೆ ಮನೆಯ ಹಿರಿಯರು. (ಕುಮಟಾ)

ಉತ್ತರ: ಮೊದಲು ತಾಯಿ. ಮಾರ್ಕನ ಸುವಾರ್ತೆ 7ನೇ ಅಧ್ಯಾಯದ 9ರಿಂದ 13ನೇ ವಚನ ಓದಿ, ನಿಮ್ಮದೇ ಮನೆಯ ಕಥೆ ಅಲ್ಲಿದೆ. ‘ಕೊರ್ಬಾನ್’ ಎಂದರೆ ದೇವರಿಗೆ ಮೀಸಲು. ತನ್ನ ಸ್ವತ್ತನ್ನು ಹಾಗೆ ಮೀಸಲಿಟ್ಟ ಮಗ ಅದರಿಂದ ತಂದೆತಾಯಿಗೆ ಏನೂ ಕೊಡದಂತೆ ಸಂಪ್ರದಾಯ ತಡೆಯುತ್ತಿತ್ತು. ತಂದೆತಾಯಿಯನ್ನು ಗೌರವಿಸು ಎಂಬ ದಶಾಜ್ಞೆಯ ಒಂದು ಆಜ್ಞೆಯನ್ನೇ ನೀವು ರದ್ದು ಮಾಡುತ್ತೀರಿ ಎಂದು ಯೇಸು ಫರಿಸಾಯರನ್ನು (ನಿಯಮನಿಷ್ಠ ಯೆಹೂದಿ ಪಂಥದವರನ್ನು) ಗದರಿದ್ದು ಇದಕ್ಕೇ.

ಫರಿಸಾಯರ ಕೈಯಲ್ಲೂ ವಚನವಿತ್ತು ಎಂಬುದನ್ನು ಮರೆಯಬೇಡಿ. ಹರಕೆ ಹೊತ್ತವನು ಮಾತು ತಪ್ಪಬಾರದು ಎಂದು ಬೈಬಲಿನ ಅರಣ್ಯಕಾಂಡ 30:2 ಹೇಳುತ್ತದೆ. ಹಾನಿಕರ ಸಂಪ್ರದಾಯ ಬರುವುದು ಹೆಚ್ಚಾಗಿ ಹೀಗೆಯೇ, ಒಂದು ಒಳ್ಳೆಯ ವಚನದ ಬೆನ್ನೇರಿ. ಧರ್ಮಶಾಸ್ತ್ರಕ್ಕೆ ಬೇಲಿ ಕಟ್ಟಿ ಎಂದು ಯೆಹೂದಿ ಹಿರಿಯರು ಕಲಿಸುತ್ತಿದ್ದರು. ಇಲ್ಲಿ ಬೇಲಿಯೇ ಎದ್ದು ಹೊಲ ಮೇಯಿತು. ಯೆಹೂದಿಗಳೆಲ್ಲ ಹಾಗಿದ್ದರು ಎನ್ನುವುದೂ ಅನ್ಯಾಯ. ತಂದೆತಾಯಿಯ ಗೌರವದ ಕಾರಣಕ್ಕೆ ಹರಕೆ ಬಿಡಿಸುವ ದಾರಿಯನ್ನು ಅವರ ಮಿಶ್ನಾ ಗ್ರಂಥವೇ ಚರ್ಚಿಸುತ್ತದೆ.

ಈಗ ಮಾಡಬೇಕಾದದ್ದು. ಕಥೋಲಿಕರಿಗೆ 1983ರ ಧರ್ಮಸಭೆಯ ಕಾನೂನಿನಲ್ಲಿ ಎರಡು ದಾರಿಗಳಿವೆ. ಕಲಂ 1197ರಂತೆ, ಖಾಸಗಿ ಹರಕೆಯನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಮೇಲಾದ ಕೆಲಸಕ್ಕೆ ಹೊತ್ತವರೇ ಬದಲಿಸಿಕೊಳ್ಳಬಹುದು. ತಾಯಿಯ ಆರೈಕೆ ಅಂಥದ್ದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಮನಸ್ಸು ಕೊರೆಯುತ್ತಿದ್ದರೆ ನಿಮ್ಮ ಇಗರ್ಜಿಯ ಧರ್ಮಗುರುವಿನ ಬಳಿ ಹೋಗಿ. ನ್ಯಾಯವಾದ ಕಾರಣವಿದ್ದರೆ ಕಲಂ 1196ರಂತೆ ಅವರು ಹರಕೆಯಿಂದಲೇ ಬಿಡುಗಡೆ ಕೊಡಬಹುದು. ಒಂದು ಎಚ್ಚರಿಕೆ: ಈ ಬಿಡುಗಡೆಯಿಂದ ಇನ್ನೊಬ್ಬರ ಹಕ್ಕಿಗೆ ಧಕ್ಕೆಯಾಗಬಾರದು. ನಿಮ್ಮ ಮಾತು ನಂಬಿ ಯಾರಾದರೂ ಪೆಂಡಾಲಿಗೆ ಮುಂಗಡ ಕೊಟ್ಟಿದ್ದರೆ ಅದನ್ನೂ ಗುರುಗಳಿಗೆ ಹೇಳಿ.

ಕೇಡಿನ ಭಯ ಬಿಡಿ. ಕಲಂ 1191ರಂತೆ ಹರಕೆ ಎಂದರೆ ದೇವರಿಗೆ ಕೊಟ್ಟ ಮಾತು. ಸಂತರು ಸಾಲ ವಸೂಲಿಗೆ ಬರುವವರಲ್ಲ.

ಪ್ರಶ್ನೆ: ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಇಸ್ವಾಣ ಮೀನು ತರುತ್ತೇವೆ. ನಿಯಮ ಪಾಲಿಸಿದಂತಾಯಿತೇ? (ಕಾರವಾರ)

ಉತ್ತರ: ಅಕ್ಷರಕ್ಕೆ ಹೌದು. 14 ತುಂಬಿದವರಿಗೆ ಮಾಂಸವರ್ಜನೆ ಇದೆ, ಮೀನಿಗೆ ತಡೆಯಿಲ್ಲ. ಉಪವಾಸ ಬೇರೆ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರಿಗೆ, 59 ತುಂಬಿ 60ನೇ ವರ್ಷಕ್ಕೆ ಕಾಲಿಡುವ ತನಕ. ಆದರೆ ಕೋಳಿಗಿಂತ ದುಬಾರಿ ಮೀನನ್ನು ಹುರಿದು ಬಡಿಸಿ ಅದನ್ನು ತ್ಯಾಗ ಎನ್ನುವುದು ಕರಾವಳಿಯಲ್ಲಿ ಮಾತ್ರ ಸಾಧ್ಯ! ಯೆಶಾಯ 58:7 ಉಪವಾಸವನ್ನು ಹಸಿದವನ ಜತೆ ಅನ್ನ ಹಂಚಿಕೊಳ್ಳುವುದಕ್ಕೆ ಕಟ್ಟಿದೆ. ಆ ದಿನ ಗಂಜಿ, ಉಪ್ಪಿನಕಾಯಿ ಉಂಡು ಇಸ್ವಾಣದ ದುಡ್ಡನ್ನು ಎತ್ತಿಟ್ಟು ಕೊಡಿ.

ಪ್ರಶ್ನೆ: ನಾವು ಸೇರುವ ಪ್ರಾರ್ಥನಾ ಕೂಟದಲ್ಲಿ ‘ನಮಗೆ ಸಂಪ್ರದಾಯ ಇಲ್ಲ, ಸತ್ಯವೇದ ಮಾತ್ರ’ ಎನ್ನುತ್ತಾರೆ. ದೀಕ್ಷಾಸ್ನಾನಕ್ಕೆ ಮೊದಲು ಬಳೆ, ಓಲೆ ತೆಗೆಯಲೇಬೇಕಂತೆ. (ಶಿರಸಿ)

ಉತ್ತರ: ಹಾಗಾದರೆ ಅವರಿಗೂ ಒಂದು ಸಂಪ್ರದಾಯ ಇದೆ, ಬರೆದಿಟ್ಟಿಲ್ಲ ಅಷ್ಟೇ. ಅವರು ತೋರಿಸುವ 1 ಪೇತ್ರ 3:3ರಲ್ಲಿ ಜಡೆ, ಚಿನ್ನದ ಜತೆಗೆ ವಸ್ತ್ರ ಧರಿಸುವ ಮಾತೂ ಇದೆ. ಚಿನ್ನಕ್ಕೆ ಪೂರ್ಣ ನಿಷೇಧ ಎಂದಾದರೆ ಬಟ್ಟೆಯ ಗತಿಯೇನು? 4ನೇ ವಚನ ಸೇರಿಸಿ ಓದಿದರೆ ಹೊರಗಿನ ಶೃಂಗಾರಕ್ಕಿಂತ ಒಳಗಿನ ಸ್ವಭಾವ ದೊಡ್ಡದು ಎಂಬ ಮಾತು ತಿಳಿಯುತ್ತದೆ. ಅಪೊಸ್ತಲರ ಕೃತ್ಯಗಳು 8:36-38ರಲ್ಲಿ ಫಿಲಿಪ್ಪನು ಇಥಿಯೋಪಿಯದ ಅಧಿಕಾರಿಗೆ ದಾರಿಯಲ್ಲೇ ದೀಕ್ಷಾಸ್ನಾನ ಕೊಟ್ಟ. ಒಡವೆಯ ಸುದ್ದಿಯೇ ಅಲ್ಲಿಲ್ಲ. ಮೇಲಾಗಿ ನಮ್ಮ ಕಡೆ ಗಂಡನಿರುವ ಹೆಂಗಸಿನ ಬಳೆ ತೆಗೆಸಿದರೆ ಮನೆಯವರ ಎದೆ ಒಡೆಯುತ್ತದೆ. ಸ್ವ-ಇಚ್ಛೆಯಿಂದ ತೆಗೆದರೆ ಸರಿ, ಷರತ್ತಾದರೆ ವಚನ ತೋರಿಸಿ ಎಂದು ಕೇಳಿ.

ಸಂಪ್ರದಾಯವೆಲ್ಲ ಕೆಟ್ಟದ್ದು ಎಂದೂ ತಿಳಿಯಬೇಡಿ. ಮಾರ್ಕ 7ರಲ್ಲಿ ಖಂಡನೆಗೆ ಗುರಿಯಾದ ‘ಪರಾದೋಸಿಸ್’ (ಸಂಪ್ರದಾಯ) ಎಂಬ ಗ್ರೀಕ್ ಪದವನ್ನೇ 2 ಥೆಸಲೋನಿಕ 2:15ರಲ್ಲಿ ಪೌಲ ‘ಬಿಗಿಯಾಗಿ ಹಿಡಿಯಿರಿ’ ಎಂದು ಬಳಸಿದ್ದಾನೆ. ಪವಿತ್ರ ಸಂಪ್ರದಾಯಕ್ಕೆ ಮಾನ್ಯತೆ ಕೊಡುವ ಕಥೋಲಿಕ ಧರ್ಮಸಭೆಯೂ, ತನ್ನ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಎಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಬರೆದುಕೊಂಡಿದೆ.

ಪ್ರಶ್ನೆ: ಕ್ರಿಸ್ಮಸ್ ಗೋದಲಿಯಲ್ಲಿ ಮೂರು ಅರಸರ ಗೊಂಬೆ ಇಡುವುದು ತಪ್ಪೇ? (ಹೊನ್ನಾವರ)

ಉತ್ತರ: ಮತ್ತಾಯ 2ರಲ್ಲಿ ಮೂರು ಕಾಣಿಕೆಗಳಿವೆ. ಬಾಲಯೇಸುವನ್ನು ನೋಡಲು ಬಂದವರು ಎಷ್ಟು ಮಂದಿ ಎಂದಿಲ್ಲ, ಅರಸರು ಎಂದೂ ಇಲ್ಲ. ಮಕ್ಕಳಿಗೆ ಅಷ್ಟು ಹೇಳಿ ಗೊಂಬೆ ಇಡಿ. ಇದರಿಂದ ಯಾವ ಆಜ್ಞೆಯೂ ಮುರಿಯುವುದಿಲ್ಲ. ಒಂಟೆ ಇಟ್ಟರೂ ಅಡ್ಡಿಯಿಲ್ಲ, ಅದೂ ಮತ್ತಾಯನಲ್ಲಿಲ್ಲ.